ತಾಟಿನ ಮೇಲಿನ ಕೈ

ನಮ್ಮ ಖಾನಾವಳಿಯಲ್ಲಿ ಉಣ್ಣಲು ಕೂತವರು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಊಟ ಮುಗಿಯಿತು ಎಂದಲ್ಲ, ಅರ್ಧ ಆಯಿತು ಎಂದು. ಇದು ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಬೇಡ ಬೇಡ ಎನ್ನುವುದು ಉಣ್ಣುವವರ ಮರ್ಯಾದೆ, ಹಾಕಿಯೇ ತೀರುವುದು ಬಡಿಸುವವರ ಮರ್ಯಾದೆ. ಎರಡೂ ಮರ್ಯಾದೆ ಉಳಿದ ಮೇಲೆಯೇ ಮಜ್ಜಿಗೆಯ ಮಾತು.

ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ಯಜಮಾನರು ರೊಕ್ಕದ ಗಲ್ಲೆಯ ಮುಂದೆ ಕೂಡುತ್ತಾರೆ, ನಾನು ಒಳಗೂ ಹೊರಗೂ ಓಡಾಡುತ್ತೇನೆ. ರೊಟ್ಟಿ ಬಡಿಯಲು ಹೆಣ್ಣುಮಕ್ಕಳಿದ್ದಾರೆ. ಬಡಿಸುವ ಕೆಲಸವನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಅರಿವೆ ಅಂಗಡಿಯ ಹುಡುಗರು, ಹತ್ತಿ ದಲಾಲರು, ಸಂತೆಗೆ ಬಂದ ಹಳ್ಳಿಯವರು, ಎಲ್ಲರೂ ಕೈ ಅಡ್ಡ ಹಿಡಿಯುವವರೇ. ಬಲಗಡೆ ಕೈ ಬಂದರೆ ನನ್ನ ರೊಟ್ಟಿ ಎಡಗಡೆಯಿಂದ ಇಳಿಯುತ್ತದೆ. ಎರಡೂ ಕೈ ಬಂದರೆ, "ಅಲ್ಲಿ ನೋಡ್ರಿ, ನಿಮ್ಮ ಬೀಗರು ಬಂದ್ರು" ಎನ್ನುತ್ತೇನೆ. ಅವರು ಬಾಗಿಲ ಕಡೆ ತಿರುಗಿ ನೋಡುವಷ್ಟರಲ್ಲಿ ಕೆಲಸ ಆಗಿರುತ್ತದೆ. "ನಿನ್ನ ಕೈಯಾಗ ಸಿಕ್ಕವ ಹಸದು ಸಾಯೂದಿಲ್ಲ, ಉಂಡು ಸಾಯ್ತಾನ" ಎಂದು ನಮ್ಮ ಯಜಮಾನರು ನಗೆಯಾಡುತ್ತಿದ್ದರು. ಈಗೀಗ ಆ ಮಾತನ್ನು ಅವರು ಆಡುವುದಿಲ್ಲ.

ಇದು ನನಗೆ ಬಂದದ್ದು ಮುಗದ ಎಂಬ ಹಳ್ಳಿಯ ನಮ್ಮ ತವರಿನಿಂದ, ಅವ್ವನಿಂದ. ಒತ್ತಾಯವಿಲ್ಲದ ಊಟ ಊಟವೇ ಅಲ್ಲ ಎಂದು ಅವಳ ಲೆಕ್ಕ. ನಮ್ಮ ಸೋದರತ್ತೆಯೊಬ್ಬಳು ಒಂದು ಮದುವೆಯಲ್ಲಿ ಹೋಳಿಗೆಗೆ ಕೈ ಅಡ್ಡ ಹಿಡಿದಳಂತೆ. ಬಡಿಸುವವಳು ಅವಸರದಲ್ಲಿ ಹಾಗೆಯೇ ಮುಂದಿನ ತಾಟಿಗೆ ಹೋದಳಂತೆ. ಅಷ್ಟೇ. ಅತ್ತೆ ಆ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ. "ಒಮ್ಮೆರೆ ಹಾಕ್ಕೋ ಅನಲಿಲ್ಲ" ಎಂದು ಸಾಯುವವರೆಗೂ ಹೇಳಿಕೊಂಡು ಅತ್ತಳು. ಹೋಳಿಗೆಗಾಗಿ ಅತ್ತದ್ದಲ್ಲ. ನೀನು ಉಂಡರೂ ಅಷ್ಟೆ, ಬಿಟ್ಟರೂ ಅಷ್ಟೆ ಎಂದು ಅನಿಸಿಕೊಂಡು ಎದ್ದು ಬಂದೆನಲ್ಲ ಎಂದು ಅತ್ತಳು. ಚಿಕ್ಕವಳಿದ್ದಾಗ ನಾನು ಈ ಕಥೆಗೆ ಬಿದ್ದು ಬಿದ್ದು ನಗುತ್ತಿದ್ದೆ.

ನನ್ನ ತಂಗಿ ನರ್ಸ್. ಮದುವೆ ಮಾಡಿಕೊಳ್ಳಲಿಲ್ಲ. ಅದಕ್ಕೆ ಅವ್ವ ಅತ್ತದ್ದೂ ಸಾಕು, ನಾನು ಜಗಳವಾಡಿದ್ದೂ ಸಾಕು. ಕೆಲವು ವರ್ಷಗಳಿಂದ ಅವಳು ರಜೆ ಕೂಡಿಹಾಕಿಕೊಂಡು ಕೆನ್ಯಾ ದೇಶಕ್ಕೆ ಹೋಗಿ ಬರುತ್ತಿದ್ದಳು. ಆ ದೇಶದ ಉತ್ತರಕ್ಕೆ ಒಣ ಸೀಮೆಯಲ್ಲಿ, ಹಸಿವಿನಿಂದ ಸೊರಗಿದ ಮಕ್ಕಳನ್ನು ಇಟ್ಟುಕೊಂಡು ಉಪಚರಿಸುವ ಒಂದು ಸಣ್ಣ ಆಸ್ಪತ್ರೆ ಇದೆ. ಬೇರೆ ಬೇರೆ ದೇಶಗಳವರು ಬಂದು ಒಂದಷ್ಟು ತಿಂಗಳು ಸಂಬಳವಿಲ್ಲದೆ ದುಡಿದು ಹೋಗುತ್ತಾರೆ. ಒಂದು ಸಲ ತಂಗಿ ಅಲ್ಲಿಂದ ಬಂದಾಗ ಅರ್ಧ ಇಳಿದಿದ್ದಳು. ನಾನು ಬಯ್ದೆ.

"ಅಲ್ಲಿ ಅಡಿಗಿ ಮಾಡಾವ್ರು ಯಾರೂ ಇಲ್ಲಕ್ಕಾ. ಡಬ್ಬಿ ಒಡದು ತಿಂತೇವಿ" ಎಂದಳು. ಆಮೇಲೆ ತಾನೇ ನಕ್ಕು, "ನೀನರ ಬಾ ಮೂರು ತಿಂಗಳು. ನಮಗೂ ಎರಡು ರೊಟ್ಟಿ ಹಾಕು" ಎಂದಳು.

ಅವಳು ಚೇಷ್ಟೆಗೆ ಅಂದದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪಂಢರಪುರ, ಸೊಲ್ಲಾಪುರದ ಆಚೆ ಹೋದವಳಲ್ಲ ನಾನು. ಆದರೆ ಹಸಿದ ಮಕ್ಕಳಿರುವ ಜಾಗ ಎಂದರೆ ನನಗಿಂತ ಯೋಗ್ಯರು ಯಾರಿದ್ದಾರೆ ಎಂಬ ಜಂಬ ಬಂತು. ಡಾಕ್ಟರರಿಗೆ ಏನು ಗೊತ್ತು, ಮಕ್ಕಳಿಗೆ ಉಣಿಸುವುದು ನಮ್ಮಂಥವರ ಕಸುಬು. ಮೂರು ತಿಂಗಳಲ್ಲಿ ಎಲ್ಲವನ್ನೂ ಗುಂಡುಗುಂಡಗೆ ಮಾಡಿ ಬರುತ್ತೇನೆ ಎಂದು ಓಣಿಯ ತುಂಬ ಹೇಳಿಕೊಂಡು ಬಂದೆ. ನಮ್ಮ ಯಜಮಾನರು, "ಹೋಗಿ ಬಾ. ಆದ್ರ ಆ ದೇಶದ ಜ್ವಾಳಾ ಪೂರಾ ಮುಗಿಸಿ ಬರಬ್ಯಾಡ" ಎಂದು ಕಳಿಸಿಕೊಟ್ಟರು.

ಮಕ್ಕಳಿರುವಲ್ಲಿಗೆ ಬರಿಗೈಯಲ್ಲಿ ಹೋಗಬಾರದಲ್ಲ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಕೆಂಪು ಖಾರದ ಜೊತೆಗೆ ಧಾರವಾಡದ ಪೇಡೆಯ ಡಬ್ಬಿಗಳನ್ನೂ ಚೀಲದಲ್ಲಿ ತುಂಬಿಕೊಂಡೆ. ತಂಗಿಗೆ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಅದರಲ್ಲಿ?

ಅಲ್ಲಿಗೆ ಮುಟ್ಟಿದ ಮರುದಿನ ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಪೇಡೆಯ ಡಬ್ಬಿ ಹಿಡಿದು ಮಕ್ಕಳ ಕೋಣೆಗೆ ಹೋದೆ. ತಗಡಿನ ಚಾವಣಿಯ ಉದ್ದನೆಯ ಕೋಣೆ. ನೆಲದ ಮೇಲೆ ಸಾಲಾಗಿ ಹಾಸಿಗೆಗಳು, ಒಂದೊಂದರ ಮೇಲೆ ಒಬ್ಬ ತಾಯಿ, ಒಂದು ಮಗು. ಹಸಿದ ಮಕ್ಕಳೆಂದರೆ ಅಳುತ್ತವೆ, ಗದ್ದಲವಿರುತ್ತದೆ ಎಂದುಕೊಂಡಿದ್ದೆ. ಅಳುವುದಕ್ಕೂ ತ್ರಾಣ ಬೇಕು ಎಂದು ನನಗೆ ಗೊತ್ತಿರಲಿಲ್ಲ. ಆ ಕೋಣೆ ಸುಮ್ಮನಿತ್ತು.

ಕಿಟಕಿಯ ಹತ್ತಿರ ಒಂದು ಹುಡುಗಿ ಕೂತಿತ್ತು. ನಾಲ್ಕು ವರ್ಷದ್ದಂತೆ, ನೋಡಿದರೆ ಎರಡು ತುಂಬಿರಲಿಕ್ಕಿಲ್ಲ ಅನ್ನಬೇಕು. ಕಾಲು ಬಾತಿದ್ದವು, ಕೂದಲು ಕೆಂಚಗಾಗಿ ಉದುರಿತ್ತು. ಅವಳ ತಾಯಿ ಇನ್ನೊಂದು ಹಸುಗೂಸಿಗೆ ಮೊಲೆಯೂಡುತ್ತ ಗೋಡೆಗೆ ಒರಗಿದ್ದಳು. ನಾನು ಹುಡುಗಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅವಳ ಅಂಗೈ ಬಿಡಿಸಿ, ಒಂದು ಪೇಡೆ ಇಟ್ಟು ಬೆರಳು ಮುಚ್ಚಿದೆ. ಕೋಣೆಯ ಆ ತುದಿಯಿಂದ ತಂಗಿ ಚೀರಿದಳು. ನನ್ನ ತಂಗಿ ಹಾಗೆ ಚೀರಿದ್ದನ್ನು ನಾನು ಹುಟ್ಟಿನಿಂದ ಕೇಳಿಲ್ಲ. ಓಡಿ ಬಂದು, ಹುಡುಗಿಯ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿ ಪೇಡೆಯನ್ನು ಕಿತ್ತುಕೊಂಡಳು. ಹುಡುಗಿ ಅಳಲಿಲ್ಲ. ಖಾಲಿ ಅಂಗೈಯನ್ನು ನೋಡಿಕೊಂಡು, ಆಮೇಲೆ ಅದನ್ನು ನೆಕ್ಕಿತು.

ಅಡಿಗೆಮನೆಯ ಹಿಂದೆ ನಮ್ಮಿಬ್ಬರಿಗೂ ಜಗಳವಾಯಿತು.

"ಎಷ್ಟು ಮಂದಿಗೆ ಕೊಟ್ಟಿ? ಖರೇ ಹೇಳು."

"ಒಂದಕ್ಕ. ಅದನ್ನೂ ನೀ ಕಸಗೊಂಡಿ. ಕೂಸಿನ ಕೈಯಾಗಿಂದ ಕಸಗೋತಾರೇನ? ಅವ್ವ ಇದ್ದಿದ್ರ ನಿನ್ನ ಕಪಾಳಕ್ಕ ಹೊಡೀತಿದ್ಲು."

"ಅವ್ವಗೂ ಇದನ್ನ ಹೇಳ್ತಿದ್ದೆ. ಅಕ್ಕಾ, ಭಾಳ ದಿನ ಹಸದ ಮೈ ಅಂದ್ರ ಆರಾಕತ್ತಿದ ಒಲಿ ಇದ್ದಾಂಗ. ಒಮ್ಮೆಲೇ ಕಟಿಗಿ ತುಂಬಿದ್ರ ಉರಿಯೂದಿಲ್ಲ, ಪೂರಾ ಆರತೈತಿ. ಇವರ ಎದಿಗೆ ಅಷ್ಟು ತಾಕತ್ತ ಇಲ್ಲ. ಹ್ವಾದ ಸಲ ಒಬ್ಬ ತಂದಿ ಮಗನ್ನ ನೋಡಾಕ ಬಂದಾವ, ನಮಗ ಗೊತ್ತಾಗದಂಗ ಹೊಟ್ಟಿತುಂಬ ಉಣಿಸಿ ಹ್ವಾದ. ಸಂಜೀ ಅನ್ನೂದ್ರಾಗ ಕೂಸು ಹೋತು. ಆ ಮನಶ್ಯಾಗ ಹೆಂಗ ಹೇಳೂದು, ನೀ ಪ್ರೀತೀಲೆ ಕೊಂದಿ ಅಂತ?"

ಅತಿಯಾದರೆ ಅಮೃತವೂ ವಿಷ ಎಂದು ಗಿರಾಕಿಗಳಿಗೆ ಹೇಳುತ್ತ, ಹೇಳುತ್ತಲೇ ಇನ್ನೊಂದು ರೊಟ್ಟಿ ಹಾಕುತ್ತಿದ್ದವಳು ನಾನು. ಆ ಗಾದೆ ನಿಜವಾಗಿಯೂ ನಿಜ ಇರಬಹುದು ಎಂದು ಯಾವತ್ತೂ ಅನಿಸಿರಲಿಲ್ಲ. ಪೇಡೆಯ ಡಬ್ಬಿಗಳನ್ನು ಕೆಲಸದವರಿಗೆ ಹಂಚಿಬಿಟ್ಟೆ.

ಅಲ್ಲಿಯ ಕ್ರಮ ಹೀಗಿತ್ತು. ಮೊದಮೊದಲು ಮಕ್ಕಳಿಗೆ ಊಟವಿಲ್ಲ. ಔಷಧಿಯ ಹಾಗೆ ತಯಾರಿಸಿದ ತೆಳ್ಳನೆಯ ಹಾಲು, ಅಳೆದು, ಹೊತ್ತು ಹೊತ್ತಿಗೆ ಕೊಡಬೇಕು. ಬಾವು ಇಳಿದು, ಮೈ ಹಿಡಿತಕ್ಕೆ ಬಂದ ಮೇಲೆ ಗಟ್ಟಿ ಹಾಲು. ಅದೂ ದಕ್ಕಿದರೆ ಆಮೇಲೆ ತುತ್ತು. ಅಲ್ಲಿಯ ನರ್ಸಮ್ಮಗಳು ಹಾಲು ಕುಡಿಸುವಾಗ "ಕಿಡೋಗೊ, ಕಿಡೋಗೊ" ಎನ್ನುತ್ತಿದ್ದರು. ಸ್ವಲ್ಪ ಸ್ವಲ್ಪ ಎಂದು. ಅವರ ಭಾಷೆಯಲ್ಲಿ ನಾನು ಕಲಿತ ಮೊದಲ ಮಾತು ಅದೇ, ನನ್ನ ನಾಲಗೆಗೆ ಒಗ್ಗದ ಮಾತೂ ಅದೇ. ಎರಡನೆಯದು "ಬೀಬಿ". ಅವರಲ್ಲಿ ಅಜ್ಜಿಗೆ ಬೀಬಿ ಅನ್ನುತ್ತಾರಂತೆ. ಹಣೆ ತುಂಬ ವಿಭೂತಿ ಹಚ್ಚಿದವಳನ್ನು ಎಲ್ಲರೂ ಬೀಬಿ ಬೀಬಿ ಎಂದು ಕರೆದದ್ದನ್ನು ಫೋನಿನಲ್ಲಿ ಹೇಳಿದಾಗ ನಮ್ಮ ಯಜಮಾನರು ಗಲ್ಲೆಯಲ್ಲಿ ಕೂತೇ ಗದ್ದಲವೆಬ್ಬಿಸಿ ನಕ್ಕರು.

ಕಿಟಕಿಯ ಹುಡುಗಿಗೆ ಹಾಲು ಕುಡಿಸುವ ಕೆಲಸ ನನಗೇ ಬಂತು. ಅವಳ ತಾಯಿಗೆ ಹಸುಗೂಸನ್ನು ನೋಡಿಕೊಳ್ಳುವುದೇ ಆಗುತ್ತಿತ್ತು. ಹಗಲು ಅಡಿಗೆಯ ನಡುವೆ ನನಗೆ ಬಿಡುವಿರುತ್ತಿತ್ತು. ತಂಗಿ ಬೇಕೆಂದೇ ನನ್ನನ್ನು ಹಚ್ಚಿದಳೋ ಏನೋ. "ನಿನಗ ಇದು ಛಲೋ ಅಭ್ಯಾಸ ಆಗತೈತಿ" ಎಂದಳು. ಬಟ್ಟಲಿನ ಗೆರೆಯವರೆಗೆ ಹಾಲು. ಹುಡುಗಿ ಮೊದಲ ದಿನಗಳಲ್ಲಿ ಅಷ್ಟನ್ನೂ ಒಲ್ಲೆ ಎನ್ನುತ್ತಿತ್ತು. ಬರಬರುತ್ತ ಕುಡಿದು ಮುಗಿಸಿ ಬಟ್ಟಲಿನ ತಳ ನೋಡತೊಡಗಿತು. ಆಮೇಲೆ ನನ್ನ ಮುಖ ನೋಡತೊಡಗಿತು. ಹಸಿವೆ ಹುಟ್ಟಿದೆ, ಬದುಕುವ ಲಕ್ಷಣ ಎಂದು ತಂಗಿ ಹಿಗ್ಗಿದಳು. ನನಗೆ ಹಿಗ್ಗಲು ಆಗಲಿಲ್ಲ. ಹಸಿದ ಮಗು ಮುಖ ನೋಡುತ್ತಿದೆ, ನಾನು ಬಟ್ಟಲು ತೊಳೆಯಲು ಏಳುತ್ತಿದ್ದೇನೆ. ನಮ್ಮ ಓಣಿಯವರು ಯಾರಾದರೂ ನೋಡಿದ್ದರೆ ಉಗುಳುತ್ತಿದ್ದರು. ಒಂದೊಂದು ಸಲ ಅಡಿಗೆಮನೆಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದೇನೆ. ಆದರೆ ಗೆರೆ ದಾಟಿ ಒಂದು ಹನಿ ಹಾಕಿದವಳಲ್ಲ. ಆ ತಂದೆಯ ಕಥೆ ನನ್ನ ಕೈ ಹಿಡಿದುಕೊಂಡಿತ್ತು.

ಇತ್ತ ಅಡಿಗೆಮನೆಯಲ್ಲಿ ನನ್ನ ರಾಜ್ಯ ನಡೆದಿತ್ತು. ಆ ಸೀಮೆಯಲ್ಲೂ ಜೋಳ ಸಿಗುತ್ತದೆ, ಕೆಂಪು ಜೋಳ. ಅದನ್ನು ಅವರು ಅಂಬಲಿ ಕಾಸಿ ಕುಡಿಯುತ್ತಾರೆ. ಹಿಟ್ಟಿಗೆ ಜಿಗುಟು ಕಡಿಮೆ, ಮೊದಲ ದಿನ ರೊಟ್ಟಿ ಹಂಚಿಗೆ ಹಾಕುವ ಮೊದಲೇ ಹರಿದವು. ಕುದಿಯುವ ನೀರು ಸುರಿದು, ಮೈಯೆಲ್ಲ ಬೆವರುವ ಹಾಗೆ ನಾದಿದ ಮೇಲೆ ದಾರಿಗೆ ಬಂತು. ಮಕ್ಕಳ ಕೋಣೆಯ ಕಿಟಕಿಗೆ ಎದುರಾಗಿ ಒಂದು ಮುಳ್ಳಿನ ಮರ, ಅದರ ನೆರಳಿನಲ್ಲಿ ಕೆಲಸದವರ ಊಟ. ಅಲ್ಲಿಯೇ ಇದ್ದಿಲೊಲೆ ಇಟ್ಟುಕೊಂಡು ನಾನು ರೊಟ್ಟಿ ಬಡಿಯುತ್ತಿದ್ದೆ. ಒಬ್ಬೊಬ್ಬರದೂ ಒಂದೊಂದು ದೇಶ, ಒಂದೊಂದು ಬಣ್ಣ. ಆದರೆ ಸಾಕಾದಾಗ ಎಲ್ಲರೂ ತಾಟಿನ ಮೇಲೆ ಕೈ ಅಡ್ಡ ಹಿಡಿದರು! ನನಗೆ ಊರಿಗೆ ಬಂದಷ್ಟು ಸಂತೋಷವಾಯಿತು. ಪಾಪ, ಅವರಿಗೆ ಅದರ ಮುಂದಿನದು ಗೊತ್ತಿರಲಿಲ್ಲ. ಎತ್ತರದ ಒಬ್ಬ ಬಿಳಿ ಡಾಕ್ಟರನ ಕೈಕೆಳಗೆ ರೊಟ್ಟಿ ತೂರಿಸಿದಾಗ ಅವನು ಹೌಹಾರಿ ಎದ್ದೇ ನಿಂತ. ತಂಗಿ ನಕ್ಕು ನಕ್ಕು ನಮ್ಮ ಪದ್ಧತಿಯನ್ನು ವಿವರಿಸಿದಳು. ಆಮೇಲೆ ಅದು ದಿನಾ ನಡೆಯುವ ಆಟವಾಯಿತು. ಅವರು ಬೇಕೆಂದೇ ಕೈ ಅಡ್ಡ ಹಿಡಿಯುವುದು, ನಾನು ಎತ್ತಲಿಂದಲೋ ರೊಟ್ಟಿ ಇಳಿಸುವುದು, ಎಲ್ಲರೂ ಹೋ ಎನ್ನುವುದು.

ಒಂದು ಮಧ್ಯಾಹ್ನ ಆ ಗದ್ದಲದ ನಡುವೆ ಕಿಟಕಿಯಿಂದ ಸಣ್ಣದೊಂದು ಸದ್ದು ಕೇಳಿತು. ತಿರುಗಿ ನೋಡಿದರೆ ಹುಡುಗಿ ಕಿಟಕಿಯ ಸರಳು ಹಿಡಿದು ನಗುತ್ತಿತ್ತು. ಅವಳ ತಾಯಿ ಹಿಂದಿನಿಂದ ಅವಳ ಮುಖ ನೋಡಲು ಬಗ್ಗಿದ್ದಳು. ಮಗಳು ನಗುವುದನ್ನು ಎಷ್ಟು ದಿನಗಳ ಮೇಲೆ ನೋಡಿದಳೋ.

ಅಂದು ಸಂಜೆ ಹಾಲು ಕುಡಿದು ಮುಗಿಸಿದ ಹುಡುಗಿ, ಬಟ್ಟಲಿನ ತಳ ನೋಡಲಿಲ್ಲ. ಖಾಲಿ ಬಟ್ಟಲಿನ ಮೇಲೆ ತನ್ನ ಅಂಗೈ ಅಡ್ಡ ಇಟ್ಟು ನನ್ನನ್ನೇ ನೋಡಿತು. ನನಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಕೂಡಲೇ ನಾನು ಕೈಗಳೆರಡನ್ನೂ ಪಟಪಟ ಬಡಿದು, ಗಾಳಿಯಲ್ಲೊಂದು ರೊಟ್ಟಿ ಮಾಡಿ, "ಹಾಕ್ಕೋ ಯವ್ವಾ, ಇನ್ನೊಂದ ಹಾಕ್ಕೋ, ನನ್ನ ಆಣಿ ಐತಿ" ಎನ್ನುತ್ತ ಅವಳ ಕೈಕೆಳಗೆ ತೂರಿಸಿದೆ. ಹುಡುಗಿ ಕಿಲಕಿಲ ನಕ್ಕು ಕೈ ತೆಗೆಯಿತು. ಮತ್ತೆ ಅಡ್ಡ ಇಟ್ಟಿತು. ಮತ್ತೆ ರೊಟ್ಟಿ. ಹಿಂದೆ ಬಂದು ನಿಂತಿದ್ದ ತಂಗಿ ಅಂದಳು, "ಇದಕ್ಕ ಅಳತಿ ಇಲ್ಲಕ್ಕಾ. ಎಷ್ಟರ ಹಾಕು."

ಹಾಕಿದೆ. ಬಟ್ಟಲಿನ ಹಾಲಿಗೆ ಗೆರೆಯಿತ್ತು, ಈ ರೊಟ್ಟಿಗೆ ಇರಲಿಲ್ಲ. ದಿನಾ ಹಾಲು ಮುಗಿದ ಮೇಲೆ ನಮ್ಮ ಖಾನಾವಳಿ ಶುರು. ರೊಟ್ಟಿಯ ಮೇಲೆ ಬೆಣ್ಣೆ, ಎಣ್ಣೆಗಾಯಿ ಪಲ್ಯ, ಗೋಧಿ ಹುಗ್ಗಿ, ಮೇಲೆ ತುಪ್ಪ. ಎಲ್ಲವೂ ಗಾಳಿಯದು, ಎಲ್ಲದಕ್ಕೂ ಒತ್ತಾಯ. ಅವಳಿಗೆ ನನ್ನ ಮಾತು ತಿಳಿಯದು, ನನಗೆ ಅವಳದು ತಿಳಿಯದು. ಆದರೆ ಎಲ್ಲಿ ಕೈ ತೆಗೆಯಬೇಕು, ಎಲ್ಲಿ ಹಟ ಮಾಡಬೇಕು ಎನ್ನುವುದನ್ನು ನಮ್ಮ ಹುಬ್ಬಳ್ಳಿಯ ಗಿರಾಕಿಗಳಿಗಿಂತ ಚೆನ್ನಾಗಿ ಕಲಿತಿತ್ತು. ತಾಯಿಯೂ ಒಮ್ಮೊಮ್ಮೆ ಸೆರಗಿನಂಥ ತನ್ನ ಬಟ್ಟೆಯ ಅಂಚು ಬಾಯಿಗೆ ಹಿಡಿದು ನಗುತ್ತಿದ್ದಳು. ಕಾಲಿನ ಬಾವು ಇಳಿಯಿತು. ಗಟ್ಟಿ ಹಾಲು ಶುರುವಾಯಿತು. ಇನ್ನು ಒಂದು ವಾರ ಹೀಗೆಯೇ ನಡೆದರೆ ತುತ್ತು ಕೊಡಬಹುದು ಎಂದರು. ಮೊದಲ ದಿನ ಒಂದು ರೊಟ್ಟಿಯ ಚೂರನ್ನು ಹಾಲಿನಲ್ಲಿ ಕಿವುಚಿ ನಾನೇ ತಿನ್ನಿಸುತ್ತೇನೆ ಎಂದು ತಂಗಿಯಿಂದ ಮಾತು ತೆಗೆದುಕೊಂಡೆ. ಅದಕ್ಕಾಗಿ ಸಂತೆಯಿಂದ ಒಳ್ಳೆಯ ಜೋಳ ತರಿಸಿ, ನಾನೇ ಕಲ್ಲು ಆರಿಸಿ, ಬೀಸಿಸಿ, ಹಿಟ್ಟನ್ನು ಬೇರೆ ಡಬ್ಬಿಯಲ್ಲಿ ಕಟ್ಟಿಟ್ಟೆ. ಆ ಡಬ್ಬಿಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

ಆ ವಾರ ಅವಳಿಗೆ ಕೆಮ್ಮು ಶುರುವಾಯಿತು. ಆಮೇಲೆ ಜ್ವರ. ಅಂಥ ಮೈಯೊಳಗೆ ಜ್ವರ ಹೊಕ್ಕರೆ ಅದಕ್ಕೆ ತಡೆಯೇ ಇರುವುದಿಲ್ಲ. ಕಫ ಎದೆಗಿಳಿದಿದೆ ಎಂದರು, ಸೂಜಿ ಹಾಕಿದರು, ಮೂಗಿಗೆ ನಳಿಗೆ ಇಟ್ಟು ಗಾಳಿ ಕೊಟ್ಟರು. ಕಿಟಕಿಯಿಂದ ತೆಗೆದು ಡಾಕ್ಟರರ ಮೇಜಿನ ಹತ್ತಿರದ ಹಾಸಿಗೆಗೆ ಹಾಕಿದರು. ತಂಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಾನು ಅವಳಿಗೂ ಒತ್ತಾಯ ಮಾಡಲಿಲ್ಲ.

ಮೂರನೆಯ ದಿನ ಸಂಜೆ ನಳಿಗೆ ತೆಗೆದಿದ್ದರು. ಸ್ವಲ್ಪ ಗೆಲುವಾಗಿದ್ದಾಳೆ, ಬಾಯಿಯಿಂದ ಎಷ್ಟು ಹೋಗುತ್ತದೋ ಅಷ್ಟು ಕುಡಿಸಿ ನೋಡು ಎಂದು ತಂಗಿ ಬಟ್ಟಲು ಕೊಟ್ಟಳು. ನಾನು ಹುಡುಗಿಯನ್ನು ತೊಡೆಯ ಮೇಲೆ ಒರಗಿಸಿಕೊಂಡೆ. ತೂಕವೇ ಇರಲಿಲ್ಲ. ಎರಡು ಗುಟುಕು ಕುಡಿಯಿತು. ಉಸಿರು ಎಳೆದುಕೊಂಡಿತು. ಇನ್ನೊಂದು ಗುಟುಕಿಗೆ ನಾನು ಬಟ್ಟಲು ತುಟಿಗೆ ಹಿಡಿದಾಗ, ತನ್ನ ಅಂಗೈ ಎತ್ತಿ ಬಟ್ಟಲಿನ ಮೇಲೆ ಇಟ್ಟಿತು.

ನಾನು ಬಟ್ಟಲು ಕೆಳಗಿಟ್ಟೆ.

ಅಷ್ಟು ದಿನ ಕಿಡೋಗೊ ಕಿಡೋಗೊ ಎಂದು ಕಲಿತಿದ್ದೆನಲ್ಲ, ಆ ಪಾಠ ಮೈಗೆ ಹತ್ತಿಬಿಟ್ಟಿತ್ತು. ದಣಿದಿದೆ, ಸಾಕಾಗಿದೆ ಎಂದುಕೊಂಡೆ. ಅವಳ ಬಾಯಿ ಒರೆಸಿ, ತಲೆ ಸವರಿ, ತಾಯಿಯ ತೊಡೆಗೆ ಕೊಟ್ಟೆ. ಹುಡುಗಿ ನನ್ನನ್ನು ನೋಡುತ್ತಿತ್ತು. ನಾನು ಬಟ್ಟಲು ತೊಳೆಯಲು ಹೋದೆ.

ಮರುದಿನ ಬೆಳಗಿನ ಜಾವ ನಾನು ಹಿಟ್ಟು ನಾದುತ್ತಿದ್ದಾಗ ತಂಗಿ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ. "ಅಕ್ಕಾ, ಹಿಟ್ಟ ಬಿಡು" ಎಂದಳು. ಅಷ್ಟರಲ್ಲೇ ನನಗೆ ತಿಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ನಾನು ಎಷ್ಟೆಷ್ಟೋ ಸಣ್ಣ ಸಂಗತಿಗಳಿಗೆ ಆಡಿದ್ದೇನೆ. ಬಸ್ಸು ತಪ್ಪಿದ್ದಕ್ಕೆ, ಸೀರೆಯೊಂದು ಬೇರೆಯವರ ಪಾಲಾದದ್ದಕ್ಕೆ. ಅಂದು ಆ ಡಬ್ಬಿಯ ಹಿಟ್ಟು ನೋಡಿದ ಮೇಲೆ ಮತ್ತೆ ಆ ಮಾತು ನನ್ನ ಬಾಯಲ್ಲಿ ಬಂದಿಲ್ಲ.

ಬಿಸಿಲೇರುವ ಮೊದಲೇ ಮಣ್ಣು ಮಾಡಿದರು. ಅವರ ಪದ್ಧತಿ ಏನು, ಹೇಗೆ ಅಳಬೇಕು, ಎಲ್ಲಿ ನಿಲ್ಲಬೇಕು ಎಂದು ನನಗೆ ತಿಳಿಯದೆ ದೂರ ನಿಂತಿದ್ದೆ. ಮುಗಿಸಿ ಬಂದ ತಾಯಿ ನೇರ ಮುಳ್ಳಿನ ಮರದ ಕೆಳಗೆ ಬಂದು ಕೂತಳು. ಕಂಕುಳಲ್ಲಿ ಹಸುಗೂಸು. ಆ ಡಬ್ಬಿಯ ಹಿಟ್ಟನ್ನು ಸುರಿದು, ನಾದಿ, ರೊಟ್ಟಿ ಬಡಿದು ಅವಳ ಮುಂದಿಟ್ಟೆ. ನನ್ನ ಕೈ ಸದ್ದು ಕೇಳುತ್ತ ಅವಳ ಕಣ್ಣಲ್ಲಿ ನೀರು ಸುರಿಯಿತು, ಆದರೂ ಉಂಡಳು. ಮೊಲೆ ಕುಡಿಯುವ ಕೂಸಿತ್ತಲ್ಲ, ಉಣ್ಣಲೇಬೇಕಿತ್ತು. ನಾನು ಹಾಕುತ್ತಲೇ ಹೋದೆ. ಅವಳು ಒಮ್ಮೆಯೂ ಕೈ ಅಡ್ಡ ಹಿಡಿಯಲಿಲ್ಲ.

ಉಳಿದ ದಿನಗಳನ್ನು ಹೇಗೋ ಮುಗಿಸಿ ಊರಿಗೆ ಬಂದೆ. ಹಲವು ಮಕ್ಕಳು ನಮ್ಮ ಕಣ್ಣೆದುರೇ ಚೇತರಿಸಿಕೊಂಡು, ತಾಯಿಯ ಬೆನ್ನು ಬಿಟ್ಟು ನಡೆದು ಮನೆಗೆ ಹೋದರು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ತಂಗಿ ಸಿಟ್ಟಾಗುತ್ತಾಳೆ. ಓಣಿಯವರು ಕಥೆ ಕೇಳಲು ಬಂದರು. ನಾನು ಮುಳ್ಳಿನ ಮರದ್ದು, ಬಿಳಿ ಡಾಕ್ಟರನದು ಹೇಳಿ ನಗಿಸಿ ಕಳಿಸಿದೆ.

ಖಾನಾವಳಿಯಲ್ಲಿ ಮಾತ್ರ ನನ್ನ ಕೈ ಮೊದಲಿನ ಹಾಗೆ ಆಡಲಿಲ್ಲ. ಯಾರಾದರೂ ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ನಿಂತುಬಿಡುತ್ತಿದ್ದೆ. ಸಾಕು ಅಂದವರಿಗೆ ಸಾಕು. ಆ ಕೈಯನ್ನು ದಾಟಲು ಭಯವಾಗುತ್ತಿತ್ತು. ಗಿರಾಕಿಗಳು ಮೊದಲು ಆಶ್ಚರ್ಯಪಟ್ಟರು, ಆಮೇಲೆ ಚೇಷ್ಟೆ ಮಾಡಿದರು. "ಅಕ್ಕಾರ, ಫಾರಿನ್ನಿಗೆ ಹೋಗಿ ಬಂದ ಮ್ಯಾಲ ಕೈ ಬಿಗಿ ಆತ ನೋಡ್ರಿ" ಎಂದರು. ನಮ್ಮ ಯಜಮಾನರು ಗಲ್ಲೆಯಿಂದ ನನ್ನನ್ನು ನೋಡಿ ಮತ್ತೆ ಚಿಲ್ಲರೆ ಎಣಿಸತೊಡಗಿದರು.

ಅಮ್ಮಿನಬಾವಿಯಿಂದ ಬರುವ ಒಬ್ಬ ಕಾಕಾ ಇದ್ದಾರೆ. ಹುಬ್ಬಳ್ಳಿಗೆ ಯಾವ ಕೆಲಸಕ್ಕೆ ಬಂದರೂ ಊಟ ನಮ್ಮಲ್ಲಿ. ಹೋದ ವಾರ ಬಂದಿದ್ದರು. ಎರಡನೆಯ ರೊಟ್ಟಿಗೆ ತಾಟಿನ ಮೇಲೆ ಕೈ ಅಡ್ಡ ಬಂತು. ನಾನು ರೊಟ್ಟಿ ಹಿಡಿದುಕೊಂಡೇ ಹಿಂದಿರುಗಿದೆ. ನಾಲ್ಕು ಹೆಜ್ಜೆ ಬಂದು ಯಾಕೋ ತಿರುಗಿ ನೋಡಿದೆ. ಅವರು ಕೈಯನ್ನು ಇನ್ನೂ ಹಾಗೆಯೇ ಅಡ್ಡ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಎಂಬತ್ತು ದಾಟಿದ ಮುಖ, ಕೂಸಿನ ಹಾಗೆ ಸಣ್ಣದಾಗಿತ್ತು.

"ಯಾಕವ್ವಾ," ಎಂದರು, "ಒಮ್ಮೆರೆ ಹಾಕ್ಕೋ ಕಾಕಾ ಅನಬಾರದ? ನಾ ಸುಮ್ಮನ ಹಿಡದಿದ್ನಿ. ನೀ ಅಂತೀ ಅಂತ."

ನಾನು ಒಳಗೆ ಹೋಗಿ ಹಿಟ್ಟಿನ ಪರಾತದ ಮುಂದೆ ಕೂತೆ.

ಆ ಸಂಜೆ ಹುಡುಗಿ ಬಟ್ಟಲಿನ ಮೇಲೆ ಇಟ್ಟ ಕೈ ಯಾವ ಕೈ? ಸಾಕು ಎಂದದ್ದೋ, ಶುರು ಮಾಡು ಎಂದದ್ದೋ? ಕೈ ಇಟ್ಟು ನನ್ನನ್ನು ನೋಡುತ್ತಿತ್ತಲ್ಲ. ಆ ಆಟವನ್ನು ಕಲಿಸಿದವಳೇ ನಾನು. ದಿನಗಟ್ಟಲೆ ಒಣ ಗಾಳಿಯಲ್ಲಿ ಲೆಕ್ಕವಿಲ್ಲದಷ್ಟು ರೊಟ್ಟಿ ಹಾಕಿ, ಆ ಒಂದು ಸಂಜೆ ಎದ್ದು ಹೋದೆ. ತಂಗಿಗೆ ಫೋನ್ ಹಚ್ಚಿದೆ. ಎಲ್ಲ ಕೇಳಿ ಅವಳು, "ಇನ್ನೊಂದು ಗುಟುಕು ಕುಡಿದಿದ್ರೂ ಅದು ಉಳೀತಿದ್ದಿಲ್ಲಕ್ಕಾ. ಖರೇ ಹೇಳ್ತೇನಿ" ಎಂದಳು. ಅದು ನನಗೂ ಗೊತ್ತು. ನಾನು ಕೇಳುತ್ತಿರುವುದು ಗುಟುಕಿನ ಮಾತಲ್ಲ. ಸೋದರತ್ತೆ ಅತ್ತದ್ದೂ ಹೋಳಿಗೆಗಾಗಿ ಅಲ್ಲವಲ್ಲ, ಹಾಗೆ.

ಕಣ್ಣು ಒರೆಸಿಕೊಂಡು, ಬಿಸಿ ರೊಟ್ಟಿಯೊಂದನ್ನು ತೆಗೆದುಕೊಂಡು ಹೊರಗೆ ಬಂದೆ. ಕಾಕಾ ಇನ್ನೂ ಕೈ ತೊಳೆದಿರಲಿಲ್ಲ. ನನ್ನನ್ನು ನೋಡಿದ್ದೇ ತಾಟಿನ ಮೇಲೆ ಮತ್ತೆ ಕೈ ಅಡ್ಡ ಇಟ್ಟರು. "ಹಾಕ್ಕೋರಿ ಕಾಕಾ, ನನ್ನ ಆಣಿ ಐತಿ" ಎಂದು ಆ ಕೈಕೆಳಗೆ ತೂರಿಸಿದೆ. ಅವರು ನಕ್ಕು ಕೈ ತೆಗೆದರು.

ಈಗ ನಾನು ಯಾರ ಕೈಯನ್ನೂ ಹಾಗೆಯೇ ನಂಬುವುದಿಲ್ಲ. ಒಮ್ಮೆ ಕೇಳುತ್ತೇನೆ. ಅವಳನ್ನು ಕೇಳಲಿಲ್ಲ.